ನಾಲ್ಕನೇ ಅಂಕಣದ ನಾಯಿ

ಆ ಕುಟುಂಬ ಗಂಟುಮೂಟೆ ಸಮೇತ ಬಸ್ಸು ಹತ್ತಿದ್ದು ಸೋಮವಾರ ಬೆಳಿಗ್ಗೆ. ಅವರು ಬಿಟ್ಟುಹೋದ ನಾಯಿಯ ದನಿ ಹೋದದ್ದು ಬುಧವಾರ ಮಧ್ಯಾಹ್ನ. ಬಸ್ ನಿಲ್ದಾಣದ ಮೈಕಿನ ಕೋಣೆಯಲ್ಲಿ ಕೂತು ಮೂರು ದಿನವೂ ನಾನು ಅದನ್ನು ಕೇಳಿಸಿಕೊಂಡೆ. ಮೊದಲ ದಿನ ಅದು ನಾಲ್ಕನೇ ಅಂಕಣದಲ್ಲಿ ನಿಂತು ಬಂದ ಬಂದ ಬಸ್ಸಿಗೆಲ್ಲ ಬೊಗಳಿತು. ಮಂಗಳವಾರ ನೆಗಡಿಯಾದವರ ಹಾಗೆ ದನಿ ಒಡೆಯಿತು. ಬುಧವಾರ ಎರಡು ಗಂಟೆಯ ಬಸ್ಸು ಬಂದಾಗ ಬಾಯಿ ತೆರೆಯಿತು, ಕತ್ತಿನ ನರ ಬಿಗಿಯಿತು, ಹೊಟ್ಟೆ ಒಳಗೆ ಎಳೆದುಕೊಂಡಿತು. ಏನೂ ಕೇಳಿಸಲಿಲ್ಲ. ಅದಕ್ಕೇ ಆಶ್ಚರ್ಯವಾದಂತೆ ಒಂದು ಸಲ ಹಿಂದೆ ತಿರುಗಿ ನೋಡಿ, ಅಲ್ಲೇ ಕೂತುಕೊಂಡಿತು.

ನಮ್ಮ ಊರಿನಲ್ಲಿ ಇದು ಹೊಸದೇನಲ್ಲ. ಯಾರಿಗೂ ಸೇರದ ನಾಯಿಗೆ ಇಲ್ಲಿ ದನಿ ಇರುವುದಿಲ್ಲ. ಯಾರಿಗಾದರೂ ಸೇರಿತೆಂದರೆ ಬರುತ್ತದೆ. ಓಣಿಯ ತಿರುವಿನಲ್ಲಿ ಸೈಕಲ್ಲಿನವರು ಬೆಲ್ ಬಾರಿಸಿಯೇ ಹೊರಳುತ್ತಾರೆ, ಯಾಕೆಂದರೆ ದಾರಿಗಡ್ಡ ಮಲಗಿದ ನಾಯಿ ಗುರ್ ಎಂದು ಎಚ್ಚರಿಸುತ್ತದೆಂಬ ಭರವಸೆಯಿಲ್ಲ. ಹೆಣ್ಣು ನೋಡಲು ಬಂದವರು ಹಿತ್ತಲಿನ ನಾಯಿ ಬೊಗಳುತ್ತದೋ ಇಲ್ಲವೋ ಎಂದು ಕಿವಿಗೊಟ್ಟು, ಆಮೇಲೆ ಚಪ್ಪಲಿ ಬಿಡುತ್ತಾರೆ. ಅಣ್ಣತಮ್ಮಂದಿರು ಬೇರೆಯಾದರೆ ನಾಯಿ ಯಾರ ಪಾಲಿಗೆಂದು ಹಿರಿಯರು ತೀರ್ಮಾನ ಮಾಡುವುದಿಲ್ಲ. ಯಾರ ಅಂಗಳದಲ್ಲಿ ಅದಕ್ಕೆ ದನಿ ಬರುತ್ತದೋ ಅವರದು, ಅಷ್ಟೇ. ಸುಳ್ಳು ಹೇಳಿ ಒಂದು ನಾಯಿಯನ್ನು ತನ್ನದೆನ್ನಲು ಈ ಊರಿನಲ್ಲಿ ಯಾರಿಂದಲೂ ಆಗಿಲ್ಲ. ಬೆಕ್ಕುಗಳ ಮಾತು ಬೇರೆ. ಅವು ಯಾರಿಗೂ ಸೇರದೆಯೇ ಗಂಟಲು ಹರಿದುಕೊಳ್ಳುತ್ತವೆ.

ನನ್ನ ಹೆಸರು ಕಸ್ತೂರಿ. ಇಪ್ಪತ್ತೆರಡು ವರ್ಷದಿಂದ ಈ ನಿಲ್ದಾಣದಲ್ಲಿ ಯಾವ ಬಸ್ಸು ಯಾವ ಅಂಕಣಕ್ಕೆ ಬರುತ್ತದೆಂದು ಮೈಕಿನಲ್ಲಿ ಹೇಳುವುದು ನನ್ನ ಕೆಲಸ. ಊರಿಗೆಲ್ಲ ನನ್ನ ದನಿ ಗೊತ್ತು, ಮುಖ ಗೊತ್ತಿದ್ದವರು ಕಡಿಮೆ. ಕಾಯಿಪಲ್ಯದ ಸಂತೆಯಲ್ಲಿ ನಾನು ಬದನೆಕಾಯಿ ಎಳೆಯವೇನು ಎಂದು ಕೇಳಿದರೆ, ಬಸ್ಸು ಬಂತೇನೋ ಎನ್ನುವಂತೆ ನಾಲ್ಕು ಜನ ತಲೆ ಎತ್ತುತ್ತಾರೆ. ಮದುವೆಯಾಗಲಿಲ್ಲ. ಅವ್ವ ಹೋಗಿ ಆರು ವರ್ಷವಾಯಿತು. ಅಲ್ಲಿಂದೀಚೆಗೆ ಕೆಲಸ ಮುಗಿಸಿ ಮೈಕಿನ ಗುಂಡಿ ಆರಿಸಿದರೆ, ಮರುದಿನ ಬೆಳಿಗ್ಗೆ ಅದನ್ನು ಮತ್ತೆ ಒತ್ತುವವರೆಗೆ ನಾನು ಯಾರ ಜೊತೆಗೂ ಮಾತನಾಡದ ದಿನಗಳೇ ಹೆಚ್ಚು.

ಗೌರಕ್ಕ ಒಬ್ಬಳಿದ್ದಳು. ನನ್ನ ಕೋಣೆಯ ಕಿಟಕಿಯ ಕೆಳಗೇ ಹೂವಿನ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದಳು. ಹನ್ನೊಂದು ಗಂಟೆಗೆ ಬಸ್ಸುಗಳ ಸಂದಣಿ ಇಳಿದ ಮೇಲೆ ನಾನು ಕೆಳಗಿಳಿದು ಹೋಗಿ ಅವಳ ಪಕ್ಕದ ಕಟ್ಟೆಯ ಮೇಲೆ ಕೂರುತ್ತಿದ್ದೆ. ಅವಳು ಮಾಲೆ ಕಟ್ಟುತ್ತ ಮಗಳ ಸುದ್ದಿ, ಅಳಿಯನ ಸುದ್ದಿ, ಮೊಮ್ಮಗಳ ತಂಟೆ ಎಲ್ಲ ಹೇಳುತ್ತಿದ್ದಳು. ಹೇಳಲು ನನ್ನ ಬಳಿ ಏನೂ ಇರುತ್ತಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು. ಕೇಳುತ್ತಿರಲಿಲ್ಲ.

ನಾಯಿಗೆ ನಾನು ದಿನಾ ಎರಡು ರೊಟ್ಟಿ ಹಾಕತೊಡಗಿದೆ. ಕಂದು ಮೈ, ಬೆನ್ನ ಮೇಲೆ ಕಪ್ಪು ಗೆರೆ, ಹೆಣ್ಣು. ಅದಕ್ಕೊಂದು ಹೆಸರಂತೂ ಇದ್ದೇ ಇರಬೇಕು. ಆ ಹೆಸರು ಬಸ್ಸು ಹತ್ತಿ ಹೋಗಿಬಿಟ್ಟಿತ್ತು. ನಾನು ಬೇರೆ ಹೆಸರಿಡಲಿಲ್ಲ, ಬರೀ 'ಬಾ' ಎನ್ನುತ್ತಿದ್ದೆ. ಅದು ಬರುತ್ತಿತ್ತು, ತಿನ್ನುತ್ತಿತ್ತು, ಹೋಗಿ ಮತ್ತೆ ನಾಲ್ಕನೇ ಅಂಕಣದಲ್ಲಿ ಕೂರುತ್ತಿತ್ತು. ಒಂದು ದಿನ ಬಸ್ಸೊಂದು ಹಿಂದಕ್ಕೆ ಬರುವಾಗ ಅದರ ಬಾಲ ಗಾಲಿಯಡಿ ಸಿಕ್ಕಲು ಗೇಣು ಬಾಕಿ ಇತ್ತು. ಅವತ್ತೇ ಕ್ಯಾಂಟೀನಿನ ಹಿಂದೆ ಮೆಟ್ಟಿಲಿನ ಕೆಳಗೆ ಒಂದು ಗೋಣಿಚೀಲ ಹಾಸಿ, ರೊಟ್ಟಿ ತೋರಿಸಿ ಕರೆದೊಯ್ದು ಅಲ್ಲಿ ಮಲಗುವುದನ್ನು ರೂಢಿ ಮಾಡಿಸಿದೆ.

ವಾರದ ನಂತರ ಗೌರಕ್ಕನ ಮೊಮ್ಮಗಳು ಪಾರು, ಐದು ವರ್ಷದ ಕೂಸು, ಕಣ್ಣಾಮುಚ್ಚಾಲೆ ಆಡುತ್ತ ಅದೇ ಮೆಟ್ಟಿಲಿನ ಕೆಳಗೆ ಹೊಕ್ಕಿತು. ಕತ್ತಲಲ್ಲಿ ನಾಯಿಯ ಹೊಟ್ಟೆಯ ಮೇಲೆ ಕಾಲಿಟ್ಟಿತು. ಬೇರೆ ನಾಯಿಯಾಗಿದ್ದರೆ ಮೊದಲು ಗುರ್ ಎನ್ನುತ್ತಿತ್ತು. ಇದಕ್ಕೆ ಅನ್ನಲು ಬರುತ್ತಿರಲಿಲ್ಲ. ಕಚ್ಚಿಯೇಬಿಟ್ಟಿತು, ಕೂಸಿನ ಕೈ ಮೊಣಕೈಯಿಂದ ಮಣಿಕಟ್ಟಿನವರೆಗೆ ಹರಿಯಿತು. ಕೂಸಿನ ಕಿರುಚು ನನ್ನ ಮೈಕಿನೊಳಗೆ ಹೊಕ್ಕು ಇಡೀ ನಿಲ್ದಾಣಕ್ಕೆ ಕೇಳಿಸಿತು. ಆಗ ನಾನು ಒಂದನೇ ಅಂಕಣದ ಬಸ್ಸಿನ ಹೆಸರು ಹೇಳುತ್ತಿದ್ದೆ.

ಗೌರಕ್ಕ ಮೊಮ್ಮಗಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದಳು. ಬುಟ್ಟಿ ಅಲ್ಲೇ ಬಿದ್ದಿತ್ತು. ನಾನು ಕೆಳಗಿಳಿದು ಚೆಲ್ಲಿದ ಹೂ ಆರಿಸಿ, ನೀರು ಚಿಮುಕಿಸಿ ಒದ್ದೆ ಬಟ್ಟೆ ಮುಚ್ಚಿಟ್ಟೆ. ಗೋಣಿಚೀಲದ ಮಾತು ಅವತ್ತೂ ಹೇಳಲಿಲ್ಲ, ಮರುದಿನವೂ ಹೇಳಲಿಲ್ಲ.

ನಾಲ್ಕು ದಿನಕ್ಕೆ ಪುರಸಭೆಯ ನೋಟೀಸು ಬಂತು. ಊರಿನಲ್ಲಿರುವ ದನಿಯಿಲ್ಲದ ನಾಯಿಗಳನ್ನೆಲ್ಲ ಹಿಡಿದು ಹಳೇ ಕಲ್ಲುಖಣಿಗೆ ಬಿಡಲಾಗುವುದು ಎಂದು ಅದರಲ್ಲಿತ್ತು. ಖಣಿ ಊರಿನಿಂದ ಹದಿನಾಲ್ಕು ಕಿಲೋಮೀಟರು. ನೆರಳಿಲ್ಲ, ನೀರಿಲ್ಲ. ಹಿಂದೊಮ್ಮೆ ಹಾಗೆ ಬಿಟ್ಟ ನಾಯಿಗಳಲ್ಲಿ ಒಂದೂ ಬೇಸಿಗೆ ದಾಟಲಿಲ್ಲವೆಂದು ಆ ಕಡೆಯ ಬಸ್ಸಿನ ಕಂಡಕ್ಟರು ನನಗೆ ಹೇಳಿದ್ದ. ನೋಟೀಸು ಅಂಟಿಸಿದ ಗೋಡೆಯ ಕೆಳಗೇ ಆ ನಾಯಿ ಮಲಗಿತ್ತು. ಅದನ್ನು ನೋಡಿದವಳೇ ಮೆಟ್ಟಿಲು ಹತ್ತಿ ಹೋಗಿ ಗುಂಡಿ ಒತ್ತಿದೆ.

"ಪ್ರಯಾಣಿಕರ ಗಮನಕ್ಕೆ," ಎಂದೆ. ರೂಢಿಯ ಮಾತು ತಾನಾಗಿಯೇ ಬಂತು. "ಈ ನಿಲ್ದಾಣದ ಸುತ್ತಮುತ್ತ ಹದಿನಾಲ್ಕು ನಾಯಿಗಳಿವೆ. ಅವನ್ನು ಖಣಿಗೆ ಬಿಡುತ್ತಾರೆ. ಅವು ಹೇಳಲಾರವು, ಅದಕ್ಕೆ ನಾನು ಹೇಳುತ್ತಿದ್ದೇನೆ. ಬೇಡ ಅನ್ನುವವರು ಇವತ್ತು ಸಂಜೆ ಐದಕ್ಕೆ ನಾಲ್ಕನೇ ಅಂಕಣಕ್ಕೆ ಬನ್ನಿ."

ಕಂಟ್ರೋಲರ್ ವೀರೇಶಪ್ಪ ಏದುಸಿರು ಬಿಡುತ್ತ ಮೇಲೆ ಬಂದ. "ಕಸ್ತೂರಿಬಾಯಾರ, ಏನ್ ಹಚ್ಚೀರಿ ಇದು? ಇದು ಸರಕಾರಿ ಮೈಕ್ ಐತ್ರಿ. ಬಸ್ಸಿನ ಹೆಸರ ಬಿಟ್ರ ಮತ್ತೊಂದು ಮಾತು ಬರಬಾರದು ಇದರಾಗ."

"ಇಪ್ಪತ್ತೆರಡು ವರ್ಷ ಬಂದಿಲ್ಲಲ್ರಿ," ಎಂದೆ.

ಅವನು ಲಿಖಿತವಾಗಿ ಕಾರಣ ಕೇಳಿದ, ನಾನು ಲಿಖಿತವಾಗಿ ಕ್ಷಮೆ ಕೇಳಿದೆ. ಸಂಜೆ ಐದಕ್ಕೆ ನಾಲ್ಕನೇ ಅಂಕಣಕ್ಕೆ ಬಂದವರು ಇಬ್ಬರೇ. ಒಬ್ಬರು ಸಂಗಣ್ಣ ಮಾಸ್ತರರು, ಚಿತ್ರಕಲೆ ಕಲಿಸಿ ನಿವೃತ್ತರಾದವರು. ಕೈಯಲ್ಲಿ ಕೊಡೆ, ಹೆಗಲಿಗೆ ಚೀಲ. ಇನ್ನೊಬ್ಬಳು ಆಸ್ಪತ್ರೆಯ ನರ್ಸ್ ಹಸೀನಾ. ಪಾರುವಿನ ಕೈಗೆ ಹೊಲಿಗೆ ಹಾಕುವಾಗ ಕೂಸನ್ನು ಹಿಡಿದುಕೊಂಡವಳು ಅವಳೇ. "ಆ ಗಾಯ ನಾ ನೋಡೀನ್ರಿ," ಎಂದಳು. "ಇಲ್ಲಿ ಬರೂ ಮುಂದ ಎರಡು ಸಲ ವಿಚಾರ ಮಾಡೀನಿ. ಆದ್ರ ಖಣಿಗೆ ಬಿಡೂದು ಅಂದ್ರ ಕೊಂದಂಗನ. ಕೊಲ್ತೀವಿ ಅಂತ ಬರೀಲಿ ಬೇಕಾದ್ರ. ಬಿಡ್ತೀವಿ ಅಂತ ಯಾಕ ಬರೀಬೇಕು?"

ಮೂವರೂ ಸೇರಿ ಅರ್ಜಿ ಬರೆದೆವು. ಮನೆಮನೆ ತಿರುಗಿ ಇನ್ನೂರರ ಹತ್ತಿರ ಸಹಿ ಮಾಡಿಸಿದೆವು. ನಾನು ಬಾಯಿ ತೆರೆದ ಕೂಡಲೇ ಜನ "ಅಯ್ಯ, ಬಸ್‌ಸ್ಟ್ಯಾಂಡಿನ ಬಾಯಾರು ನೀವ ಏನು!" ಎಂದು ಒಳಗೆ ಕರೆದು ಕೂರಿಸುತ್ತಿದ್ದರು. ಸಹಿ ಹಾಕಿ ಕಳಿಸುತ್ತಿದ್ದರು.

ಪುರಸಭೆಯ ಸಭೆಗೆ ಗೌರಕ್ಕನೂ ಬಂದಿದ್ದಳು. ಪಾರುವಿನ ಕೈಗೆ ಬಿಳಿಯ ಪಟ್ಟಿ. ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರ್ ಹುದ್ದಾರ ಅವಳಿಗೇ ಮೊದಲು ಮಾತಾಡಲು ಹೇಳಿದರು.

"ನಾ ನಾಯಿಗೋಳ ವೈರಿ ಅಲ್ರಿ ಸಾಹೇಬ್ರ," ಎಂದಳು ಗೌರಕ್ಕ. "ನಮ್ಮ ಮನ್ಯಾಗೂ ಇತ್ತು, ಹದಿಮೂರು ವರ್ಷ ಬದುಕಿತ್ತು. ಬೊಗಳೋ ನಾಯಿ ಆಗಿದ್ರ ನಮ್ಮ ಕೂಸು ಹಿಂದಕ್ಕ ಸರೀತಿತ್ತು. ಇದು ಹೇಳ್ಲಿಲ್ಲ ಕೇಳ್ಲಿಲ್ಲ, ಕಚ್ಚಿಬಿಡ್ತು. ನಾಳೆ ಮತ್ತೊಬ್ಬರ ಕೂಸಿಗೆ ಹಿಂಗಾದ್ರ ಯಾರು ಹೊಣಿ?"

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಹುದ್ದಾರರು ಕಾಗದದಿಂದ ತಲೆ ಎತ್ತಿ ಕೇಳಿದರು, "ಅಲ್ಲಾ, ಆ ನಾಯಿ ಯಾವಾಗಲೂ ಬಯಲಾಗ ಕೂಡ್ತಿತ್ತಂತ. ಮೆಟ್ಟಿಲ ಬುಡಕ್ಕ ಹೆಂಗ ಹೋತು?"

ನಾನು ಸುಮ್ಮನಿದ್ದರೆ ಆ ಪ್ರಶ್ನೆ ಹಾಗೇ ದಾಟಿಹೋಗುತ್ತಿತ್ತು. ಆದರೆ ಪಾರು ನನ್ನನ್ನೇ ನೋಡಿ ನಗುತ್ತಿದ್ದಳು, ಪಟ್ಟಿ ಕಟ್ಟಿದ ಕೈಯನ್ನು ನನಗೆ ಕಾಣಲೆಂದು ಎತ್ತಿ ಹಿಡಿದಿದ್ದಳು.

"ನಾನ್ರಿ," ಎಂದೆ. "ಬಸ್ಸಿನ ಗಾಲಿಗೆ ಸಿಗ್ತೈತಿ ಅಂತ ಅಲ್ಲಿ ಗೋಣಿಚೀಲ ಹಾಸಿದಾಕಿ ನಾನ. ತಪ್ಪು ನಂದೈತಿ. ನಾಯಿದಲ್ಲ."

ಗೌರಕ್ಕ ನನ್ನ ಕಡೆ ತಿರುಗಿದಳು. "ಹದಿನೈದು ದಿನದಿಂದ ನನ್ನ ಬಾಜೂಕ ಕುಂತಿ," ಎಂದಳು ಮೆಲ್ಲಗೆ. "ಕೂಸಿಗೆ ಹೆಂಗೈತಿ ಅಂತ ದಿನಾ ಕೇಳಿದಿ. ಇದೊಂದು ಹೇಳ್ಲಿಲ್ಲಲ್ಲ ಕಸ್ತೂರಿ?" ಉತ್ತರಕ್ಕೂ ಕಾಯದೆ ಪಾರುವನ್ನು ಎತ್ತಿಕೊಂಡು ಹೊರಗೆ ನಡೆದಳು.

ಸಭೆ ನಮಗೆ ನಲವತ್ತು ದಿನ ಕೊಟ್ಟಿತು. ನಲವತ್ತನೇ ದಿನ ಹುದ್ದಾರರು ಬಂದು ಪ್ರತಿ ನಾಯಿಯ ಹಿಂದೆ ನಿಂತು ತಟ್ಟೆ ಬಾರಿಸುತ್ತಾರೆ. ಬೊಗಳಿದ್ದು ಊರಿನಲ್ಲಿ ಉಳಿಯುತ್ತದೆ, ಬೊಗಳದ್ದು ಗಾಡಿ ಹತ್ತುತ್ತದೆ. ಹೊರಗೆ ಬಂದಾಗ ಮಾಸ್ತರರು ಇದು ಗೆದ್ದಂತೆಯೇ ಎಂದರು. ನಾನು ನಿಲ್ದಾಣಕ್ಕೆ ಮರಳಿ ಕಿಟಕಿಯಿಂದ ಇಣುಕಿದೆ. ಕೆಳಗೆ ಹೂವಿನ ಬುಟ್ಟಿ ಇರಲಿಲ್ಲ. ಅದು ಆಚೆ ತುದಿಯ ಗೇಟಿನ ಬಳಿ, ಒಂದನೇ ಅಂಕಣದಾಚೆ ಇತ್ತು. ಗೌರಕ್ಕ ಬೆನ್ನು ಈ ಕಡೆ ಮಾಡಿ ಕೂತಿದ್ದಳು.

ಮೊದಲ ವಾರ ನಾವು ತಪ್ಪು ಮಾಡಿದೆವು. ಸಹಿ ಹಾಕಿದವರಲ್ಲಿ ಕೆಲವರನ್ನು ಒಪ್ಪಿಸಿ ನಾಯಿಗಳನ್ನು ಮನೆಗೆ ಕಳಿಸಿದೆವು. ಅವರು ಹಗ್ಗ ಕಟ್ಟಿದರು, ಅನ್ನ ಹಾಕಿದರು, ಹಾಲು ಹಾಕಿದರು. ಒಂದಕ್ಕೂ ದನಿ ಬರಲಿಲ್ಲ. ಒಬ್ಬೊಬ್ಬರಾಗಿ ಮರಳಿ ತಂದು ಬಿಟ್ಟು, "ನಮ್ಮ ಕೈಲೆ ಆಗ್ಲಿಲ್ರಿ" ಎಂದು ಹೋದರು. ಆಗ ಹಸೀನಾ ಹೇಳಿದಳು, "ಕೊಡೂದಲ್ರಿ. ಬಾಜೂಕ ಕುಂದರೂದು. ದವಾಖಾನ್ಯಾಗ ದಿನಾ ನೋಡ್ತೀನಿ ನಾ. ಗುಳಿಗಿ ಕೊಟ್ಟು ಹೋದವರನ್ನ ರೋಗಿ ನೆನಪಿಡಂಗಿಲ್ಲ. ಸುಮ್ನ ಬಾಜೂಕ ಕುಂತವರನ್ನ ನೆನಪಿಡ್ತಾರ."

ಹಾಗೆ ಕೂರುವುದು ಶುರುವಾಯಿತು. ಸಂಜೆ ಐದರಿಂದ ಏಳರವರೆಗೆ ಒಬ್ಬೊಬ್ಬರು ಒಂದೊಂದು ನಾಯಿಯ ಪಕ್ಕ, ಬೆಂಚಿನ ಮೇಲೆ, ಕಟ್ಟೆಯ ಮೇಲೆ, ನೆಲದ ಮೇಲೆ. ಜನ ಬಂದರು, ಎಲ್ಲಿಂದ ಬಂದರೋ, ಹದಿಮೂರು ಹದಿನಾಲ್ಕು ಮಂದಿ ಆದರು. ಹತ್ತು ದಿನ ಕಳೆದ ಮೇಲೆ ನನಗೊಂದು ಹೊಳೆಯಿತು. ಬಂದವರೆಲ್ಲ ಸಂಜೆ ಐದಕ್ಕೆ ಮನೆಯಲ್ಲಿ ಯಾರೂ ಕಾಯದವರು. ಹೆಂಡತಿ ತೀರಿದವರು, ವರ್ಗವಾಗಿ ಬಂದು ಬಾಡಿಗೆ ಕೋಣೆಯಲ್ಲಿ ಇರುವವರು, ಮಗಳನ್ನು ದೂರದೂರಿಗೆ ಕೊಟ್ಟ ತಾಯಿ. ಇಷ್ಟು ಜನ ಈ ಊರಿನಲ್ಲಿ ಹೀಗಿದ್ದಾರೆಂದು ನನಗೆ ತಿಳಿದಿರಲಿಲ್ಲ. ಅವರು ನಾಯಿಗಳೊಂದಿಗೆ ಮಾತಾಡುತ್ತಿದ್ದರು, ತಮ್ಮತಮ್ಮಲ್ಲಿ ಆಡುತ್ತಿರಲಿಲ್ಲ.

ಮಾಸ್ತರರ ನಾಯಿಗೆ ಹದಿನೇಳನೇ ದಿನ ದನಿ ಬಂತು. ಯಾವನೋ ಪ್ರಯಾಣಿಕ ಮಾಸ್ತರರ ಭುಜ ತಟ್ಟಿ ದಾರಿ ಕೇಳಿದ. ಬೆಂಚಿನ ಕೆಳಗಿಂದ ತುಕ್ಕು ಹಿಡಿದ ಬಾಗಿಲು ತೆರೆದಂತೆ ಒಂದು ಸದ್ದು. ಎರಡನೆಯದು ನಿಜವಾದ ಬೊಗಳು. ಪ್ರಯಾಣಿಕ ಹೆದರಿ ಹಿಂದೆ ಸರಿದ. ಮಾಸ್ತರರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. "ನನ್ನ ಸಲುವಾಗಿ ಬೊಗಳಿತು ನೋಡ್ರಿ," ಎಂದರು. ಅವತ್ತೇ ಅದನ್ನು ಮನೆಗೆ ಕರೆದೊಯ್ದರು. ಮರುದಿನ ಸಂಜೆ ಅವರ ಬೆಂಚು ಖಾಲಿ ಇತ್ತು.

ಅದೂ ಸರಿಯೇ. ಅದಕ್ಕಾಗಿಯೇ ಇದನ್ನೆಲ್ಲ ಮಾಡಿದ್ದು. ಆದರೆ ದನಿ ಬಂದ ಪ್ರತಿ ನಾಯಿಯೊಂದಿಗೆ ಒಬ್ಬರು ಮನೆಗೆ ಹೋಗುತ್ತಿದ್ದರು, ಹೋದವರು ಮತ್ತೆ ಬರುತ್ತಿರಲಿಲ್ಲ. ಹಸೀನಾಳಿಗೂ ಮೂವತ್ತನೇ ದಿನ ಒಂದು ಒಲಿಯಿತು. "ರಾತ್ರಿ ಪಾಳಿಗೆ ಹೋಗೂ ಮುಂದ ಬಾಗಲದಾಗ ನಿಂತು ಒದರ್ತೈತ್ರಿ," ಎಂದು ನಕ್ಕು ಹೇಳಿಹೋದಳು. ನಲವತ್ತನೇ ದಿನ ಹತ್ತಿರ ಬರುವಾಗ ಸಂಜೆಯ ಅಂಕಣಗಳು ಮೊದಲಿನ ಹಾಗೇ ಆದವು.

ನಾನು ನಾಲ್ಕನೇ ಅಂಕಣದ ನಾಯಿಯ ಪಕ್ಕ ಒಂದು ಸಂಜೆಯನ್ನೂ ಬಿಡದೆ ಕೂತೆ. ರಜೆ ಹಾಕಿ ಮಧ್ಯಾಹ್ನವೂ ಕೂತೆ. ಅವ್ವನ ಕಾಯಿಲೆಯ ಕತೆ ಹೇಳಿದೆ, ಯಾರಿಗೂ ಹೇಳದಿದ್ದುದನ್ನೂ ಹೇಳಿದೆ. ಅದು ನನ್ನ ಕೈ ನೆಕ್ಕುತ್ತಿತ್ತು, ತೊಡೆಯ ಮೇಲೆ ತಲೆ ಇಡುತ್ತಿತ್ತು. ಬಸ್ಸು ಬಂದರೆ ಮಾತ್ರ ಎದ್ದು ಹೋಗಿ ಬಾಗಿಲ ಬಳಿ ನಿಂತು, ಇಳಿಯುವ ಒಬ್ಬೊಬ್ಬರ ಮುಖ ನೋಡುತ್ತಿತ್ತು. ಕೊನೆಯವರು ಇಳಿದ ಮೇಲೆ ಮರಳಿ ಬಂದು ತಲೆ ಇಡುತ್ತಿತ್ತು. ಅದಕ್ಕೆ ಹೇಗೆ ಬೈಯಲಿ? ಬಸ್ಸು ಬಂತೆಂದು ದಿನವಿಡೀ ಮೈಕಿನಲ್ಲಿ ಹೇಳುತ್ತಿದ್ದವಳೂ ನಾನೇ.

ಪರೀಕ್ಷೆಯ ಬೆಳಿಗ್ಗೆ ಹುದ್ದಾರರು ಸ್ಟೀಲಿನ ತಟ್ಟೆ, ಚಮಚ ಹಿಡಿದು ಬಂದರು. ಮನೆ ಸೇರಿದ ನಾಯಿಗಳನ್ನೂ ಅವರವರು ಕರೆತಂದಿದ್ದರು. ಹನ್ನೊಂದು ಬೊಗಳಿದವು. ನಿಲ್ದಾಣದ ತಗಡಿನ ಮಾಡು ಅದುರಿತು. ಎಷ್ಟು ಬೊಗಳಿದವೆಂದರೆ ಏಳೂವರೆಯ ಬಸ್ಸಿನ ಡ್ರೈವರು ಒಳಗೆ ತರಲು ಹೆದರಿ ಗೇಟಿನಲ್ಲೇ ನಿಂತ. ಜನ ಚಪ್ಪಾಳೆ ತಟ್ಟಿದರು. ಉಳಿದವು ಮೂರು: ಒಂದು ಕಾಲು ಕುಂಟುವ ಬಿಳಿ ನಾಯಿ, ಕಣ್ಣು ಮಂಜಾದ ಒಂದು ಮುದಿ ನಾಯಿ, ಮತ್ತು ನನ್ನದು. ನನ್ನದು ಎನ್ನಬಾರದು. ತಟ್ಟೆಯ ಸದ್ದಿಗೆ ಅದು ಬೆಚ್ಚಿ ಎದ್ದಿತು, ಬಾಯಿ ತೆರೆಯಿತು, ಕತ್ತು ಬಿಗಿಯಿತು. ಹುದ್ದಾರರು ಇನ್ನೊಮ್ಮೆ ಬಾರಿಸಿದರು. ನಿಯಮದಲ್ಲಿ ಇಲ್ಲದಿದ್ದರೂ ಮೂರನೇ ಸಲವೂ ಬಾರಿಸಿದರು. ಆಮೇಲೆ ತಟ್ಟೆಯನ್ನು ಕಂಕುಳಲ್ಲಿ ಇಟ್ಟುಕೊಂಡರು.

"ಅದರ ಮನಸು ಆ ಬಸ್ಸಿನ್ಯಾಗ ಐತಿ ಬಾಯಾರ," ಎಂದರು ಮಾಸ್ತರರು. "ನೀವೇನ್ ಮಾಡ್ತೀರಿ?"

ನಾನು ಹುದ್ದಾರರನ್ನು ಎರಡು ಕೇಳಿದೆ. ಖಣಿಯಲ್ಲಿ ನೀರಿನ ತೊಟ್ಟಿ ಕಟ್ಟಿಸಿ, ತಗಡಿನ ನೆರಳು ಮಾಡಿಸಬೇಕು. ಇನ್ನು ಮುಂದೆ ಈ ಊರಿನಲ್ಲಿ ದನಿ ಕಳೆದುಕೊಂಡ ಯಾವ ನಾಯಿಗಾದರೂ ಗಾಡಿ ಹತ್ತಿಸುವ ಮೊದಲು ನಲವತ್ತು ದಿನ ಕೊಡಬೇಕು. ಎರಡಕ್ಕೂ ಅವರು ಒಪ್ಪಿದರು. ಎರಡನ್ನೂ ನಡೆಸಿಕೊಟ್ಟರೆಂದು ಹೇಳಬೇಕು. "ಹನ್ನೊಂದು ಉಳಿದಾವ್ರಿ. ಸಣ್ಣ ಮಾತಲ್ಲ ಇದು," ಎಂದರು. ಮೂರೂ ಸಣ್ಣ ಮಾತಲ್ಲ ಎಂದು ನಾನು ಅನ್ನಲಿಲ್ಲ. ಗಾಡಿಯವರು ಹಗ್ಗ ತಂದಾಗ 'ಬಾ' ಎಂದೆ. ಅದು ಬಂತು. ತಾನಾಗಿಯೇ ಹತ್ತಿತು, ಗಾಡಿ ಎಂದರೆ ಅದಕ್ಕೆ ಬಸ್ಸಿನ ಹಾಗೇ ಕಂಡಿರಬೇಕು.

ಭಾನುವಾರ ನನಗೆ ರಜೆ. ಹತ್ತೂವರೆಗೆ ಖಣಿಯ ಕಡೆ ಹೋಗುವ ಬಸ್ಸು ಒಂದಿದೆ, ನಾಲ್ಕಕ್ಕೆ ಮರಳುತ್ತದೆ. ರೊಟ್ಟಿಯ ಗಂಟು ಕಟ್ಟಿಕೊಂಡು ಹೋಗತೊಡಗಿದೆ. ಕಂಡಕ್ಟರು ಖಣಿಯ ಕ್ರಾಸಿನಲ್ಲಿ ಇಳಿಸುತ್ತಾನೆ. ಅಲ್ಲಿ ಬೇರೆ ಯಾರೂ ಇಳಿಯುವುದಿಲ್ಲ. ಬಸ್ಸಿನ ಸದ್ದಿಗೆ ಅವು ಮೂರೂ ಕಲ್ಲುಗಳ ನಡುವಿನಿಂದ ಬರುತ್ತವೆ. ನಾನು ತೊಟ್ಟಿ ತಿಕ್ಕಿ ತೊಳೆಯುತ್ತೇನೆ, ರೊಟ್ಟಿ ಹಾಕುತ್ತೇನೆ, ಜಾಲಿಮರದ ಕೆಳಗೆ ನಾಲ್ಕು ಗಂಟೆಯವರೆಗೆ ಕೂರುತ್ತೇನೆ. ಖಣಿಯಲ್ಲಿ ಗಾಳಿಯ ಸದ್ದು ಬಿಟ್ಟರೆ ಏನೂ ಇಲ್ಲ. ಮೊದಲೆರಡು ವಾರ ಹಸೀನಾ ಜೊತೆಗೆ ಬಂದಳು, ಆಮೇಲೆ ಅವಳಿಗೆ ಭಾನುವಾರದ ಪಾಳಿ ಬಿತ್ತು. ಹೀಗೆ ನಾಲ್ಕು ತಿಂಗಳು.

ಬೇಸಿಗೆ ಹತ್ತಿರವಾದಾಗ ಒಂದು ಭಾನುವಾರ ನಾನು ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ಬಸ್ಸು ಗೇಟು ದಾಟುವಾಗ ಯಾರೋ ಕೈ ಮಾಡಿ ನಿಲ್ಲಿಸಿದರು. ಗೌರಕ್ಕ ಹತ್ತಿದಳು. ನನ್ನನ್ನು ನೋಡಿದಳು. ಪಕ್ಕದ ಸೀಟು ಖಾಲಿ ಇತ್ತು. ಅವಳು ಎರಡು ಸೀಟು ಮುಂದೆ ಹೋಗಿ ಕೂತಳು.

ಕ್ರಾಸಿನಲ್ಲಿ ನನ್ನ ಹಿಂದೆಯೇ ಇಳಿದಳು. ಬಸ್ಸು ಹೋಯಿತು, ಧೂಳು ಇಳಿಯಿತು. "ಅಕ್ಕಾ," ಎಂದೆ.

"ನಿನ್ನ ಸಲುವಾಗಿ ಬಂದಿಲ್ಲ ನಾ," ಎಂದಳು. "ಪಾರು ಜೀವಾ ತಿಂತಾಳ. ಆ ನಾಯಿ ಅಲ್ಲಿ ಉಣ್ತೈತೇನು, ಆಯೀ? ಉಣ್ತೈತೇನು? ದಿನಾ ಇದ. ಗೊತ್ತಿಲ್ಲ ಅಂದ್ರ ಕೇಳವಲ್ಲದು. ಕಣ್ಣಿಲೆ ನೋಡಿ ಹೋಗಿ ಹೇಳಬೇಕಾಗೈತಿ."

ಅವಳು ಹತ್ತಿರ ಬರಲಿಲ್ಲ. ದೂರದಲ್ಲಿ ಒಂದು ಬಂಡೆಯ ಬಳಿ ತಲೆಯ ಮೇಲೆ ಸೆರಗು ಎಳೆದುಕೊಂಡು ಬಿಸಿಲಿನಲ್ಲೇ ನಿಂತಳು. ನಾಯಿಗಳು ಬಂದವು. ನಾನು ರೊಟ್ಟಿ ಹಾಕಿದೆ, ತೊಟ್ಟಿ ತೊಳೆದೆ. ಜಾಲಿಮರದ ನೆರಳಿಗೆ ಬಾ ಎಂದು ಎರಡು ಸಲ ಕರೆದೆ. ಬರಲಿಲ್ಲ. ನಾಲ್ಕರವರೆಗೂ ನಿಂತಳೋ ಕೂತಳೋ, ನಾನು ನೋಡಿದಾಗಲೆಲ್ಲ ಅವಳು ಅತ್ತ ಮುಖ ಮಾಡಿದ್ದಳು. ಮರಳುವ ಬಸ್ಸಿನಲ್ಲಿಯೂ ಎರಡು ಸೀಟು ಮುಂದೆ ಕೂತಳು.

ನಿಲ್ದಾಣದ ಕಟ್ಟೆಯ ಮೇಲೆ ಪಾರು ತನ್ನವ್ವನ ಜೊತೆ ಕಾಯುತ್ತಿದ್ದಳು. ತೋಳಿನಲ್ಲಿ ಗಾಯದ ಗುರುತು ತಿಳಿಗೆಂಪಾಗಿತ್ತು. ಗೌರಕ್ಕ ಇಳಿದ ಕೂಡಲೇ ಕೂಸು ಓಡಿ ಬಂದು ಸೆರಗು ಹಿಡಿಯಿತು. ನಾನು ಬಸ್ಸಿನ ಮೆಟ್ಟಿಲಲ್ಲೇ ನಿಂತಿದ್ದೆ.

"ಉಂಡಿತವ್ವಾ," ಎಂದಳು ಗೌರಕ್ಕ, ಬಾಗಿ ಕೂಸಿನ ಮುಖಕ್ಕೆ ಮುಖ ತಂದು. "ಒಂದೂವರಿ ರೊಟ್ಟಿ ಉಂಡಿತು. ಉಳಿದದ್ದು ಅರ್ಧಾ ಬಾಯಾಗ ಕಚಗೊಂಡು ಹೋಗಿ, ಆ ಕಣ್ಣು ಕಾಣದ ಮುದುಕ ಐತೆಲ್ಲಾ, ಅದರ ಮುಂದ ಇಟ್ಟು ಬಂತು."

ನಾನು ಅದನ್ನು ನೋಡಿರಲಿಲ್ಲ. ನಾಲ್ಕು ತಿಂಗಳಲ್ಲಿ ಒಂದು ಸಲವೂ ನೋಡಿರಲಿಲ್ಲ.